ಒಂದು ತಾಸು ಹತ್ತು ನಿಮಿಷದ ದಾರಿ

ನನಗೆ ಈಗೀಗ ಒಂದು ಹುಚ್ಚು ಹತ್ತಿದೆ. ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ಸ್ಟಾಫ್ ರೂಮಿನಲ್ಲಿ ಕೂತಾಗ ಉಳಿದವರು ಫೋನಿನಲ್ಲಿ ಸೀರೆ ನೋಡುತ್ತಾರೆ, ಅಡುಗೆ ನೋಡುತ್ತಾರೆ, ಮೊಮ್ಮಕ್ಕಳ ವಿಡಿಯೊ ನೋಡುತ್ತಾರೆ. ನಾನು ಯಾವುದಾದರೂ ಎರಡು ವಿಮಾನ ನಿಲ್ದಾಣಗಳ ಹೆಸರು ಬರೆದು, ಅವುಗಳ ನಡುವೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು ಎಂದು ನೋಡುತ್ತೇನೆ. ಆ ಊರುಗಳಿಗೂ ನನಗೂ ಯಾವ ಜನ್ಮದ ಸಂಬಂಧವೂ ಇರುವುದಿಲ್ಲ. ನೈರೋಬಿಯಿಂದ ಕೈರೋಗೆ ಎಷ್ಟು, ಗುವಾಹಟಿಯಿಂದ ಕೊಚ್ಚಿಗೆ ಎಷ್ಟು, ಹೀಗೆ. ಬೆರಳು ಎತ್ತುವುದರೊಳಗೆ ಉತ್ತರ ಬಂದಿರುತ್ತದೆ. ಎರಡು ಚುಕ್ಕೆ, ನಡುವೆ ಒಂದು ಬಾಗಿದ ಗೆರೆ, ಕೆಳಗೆ ಇಷ್ಟು ಕಿಲೋಮೀಟರು, ಇಷ್ಟು ತಾಸು.

"ಎಲ್ಲಿಗೆ ಹೊಂಟೀರ್ರೀ ಅಕ್ಕೋರ?" ಎಂದು ಪಕ್ಕದ ಕುರ್ಚಿಯ ವಿಜ್ಞಾನದ ಮೇಡಂ ಕೇಳುತ್ತಾಳೆ. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುವುದು ರೂಢಿ.

"ಎಲ್ಲಿಗೂ ಇಲ್ಲ ಬೇ, ಸುಮ್ನ ನೋಡಾಕತ್ತೀನಿ."

"ಸುಮ್ನ ನೋಡಾಕ ಅದೇನು ಸಿನಿಮಾ ಏನ್ರಿ?"

ಸಿನಿಮಾ ಅಲ್ಲ, ನಿಜ. ಆದರೆ ನಾನು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ದೂರ, ವೇಗ, ಕಾಲ ಎಂದು ಹಲಗೆಯ ಮೇಲೆ ಬರೆದು ಬರೆದು ನನ್ನ ಸೆರಗಿಗೆ ಸೀಮೆಸುಣ್ಣದ ವಾಸನೆ ಅಂಟಿಕೊಂಡಿದೆ. ಎರಡು ಗೊತ್ತಿದ್ದರೆ ಮೂರನೆಯದು ತಾನಾಗಿಯೇ ಸಿಗುತ್ತದೆ ಎಂದು ಮಕ್ಕಳಿಗೆ ಹೇಳುತ್ತ ಬಂದವಳು. ಅಂಥವಳನ್ನು ಆ ಫೋನಿನ ಲೆಕ್ಕ ಒಂದು ದಿನ ಚೆನ್ನಾಗಿ ಆಟ ಆಡಿಸಿತು. ಆದರೂ ಅದರ ಮೇಲೆ ನನಗೆ ಸಿಟ್ಟಿಲ್ಲ. ಯಾಕೆ ಇಲ್ಲ ಎಂಬುದನ್ನು ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕಾಗುತ್ತದೆ. ನಿಮಗೆ ಅವಸರ ಇಲ್ಲ ಎಂದುಕೊಂಡಿದ್ದೇನೆ.

ದೂರ ಎಂಬುದು ನನಗೆ ಮೊದಲು ಗೊತ್ತಾದದ್ದು ಕಿಲೋಮೀಟರಿನಲ್ಲಿ ಅಲ್ಲ, ರೊಟ್ಟಿಯಲ್ಲಿ. ನಮ್ಮೂರು ದೇವದುರ್ಗ ತಾಲ್ಲೂಕಿನ ಗಬ್ಬೂರು. ಮನೆಯಿಂದ ಯಾರೇ ಪರಊರಿಗೆ ಹೊರಟರೂ ಅವ್ವ ಬುತ್ತಿ ಕಟ್ಟುತ್ತಿದ್ದಳು. ಬುತ್ತಿಯ ದಪ್ಪ ನೋಡಿದರೆ ಹೋಗುವ ಊರು ಎಷ್ಟು ದೂರ ಎಂದು ತಿಳಿಯುತ್ತಿತ್ತು. ರಾಯಚೂರಿಗೆ ಎರಡು ರೊಟ್ಟಿ. ದೇವದುರ್ಗಕ್ಕೆ ನಾಲ್ಕು. ನಾನು ಶಾಲೆಯಲ್ಲಿ ನಕಾಶೆ ನೋಡಲು ಕಲಿತ ಹುಮ್ಮಸ್ಸಿನಲ್ಲಿ ಒಂದು ದಿನ ಅವ್ವನಿಗೇ ಪಾಠ ಹೇಳಲು ಹೋದೆ.

"ಯವ್ವಾ, ಎರಡೂ ಊರು ಹೆಚ್ಚುಕಡಿಮಿ ಒಂದ ದೂರ ಅದಾವ. ದೇವದುರ್ಗಕ್ಕ ಯಾಕ ನಾಕು?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು. "ರಾಯಚೂರಿಗೆ ಹೋದ್ರ ಸಂತಿ ಮಾಡಿಕೊಂಡು ಬರ್ತೀವಿ. ದೇವದುರ್ಗಕ್ಕ ಹೋದ್ರ ಆಫೀಸಿನ ಮುಂದ ಕುಂದರಬೇಕು. ಕುಂತ್ರ ಹಸಿವಾಗೂದಿಲ್ಲೇನು?"

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾಟಿಯ ಕಾಲದಲ್ಲಿ ಸಿರವಾರ, ಮಾನ್ವಿ ಕಡೆಯ ಕಾಲುವೆ ಗದ್ದೆಗಳಿಗೆ ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದ್ದರಿಂದ ನನ್ನನ್ನೂ ತಮ್ಮ ಭೀಮುವನ್ನೂ ಕರೆದುಕೊಂಡೇ ಹೋಗುತ್ತಿದ್ದಳು. ಬದುವಿನ ಬೇವಿನ ಕೊಂಬೆಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ಅವನನ್ನು ಅದರಲ್ಲಿ ಹಾಕಿದರೆ, ತೂಗುವ ಕೆಲಸ ನನ್ನದು. ನನಗೆ ಜೋಗುಳ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಮಗ್ಗಿ. ಎರಡರ ಮಗ್ಗಿಯಿಂದ ಶುರು ಮಾಡುತ್ತಿದ್ದೆ. ಅವನು ಹನ್ನೆರಡರ ಮಗ್ಗಿಯ ತನಕ ಕಣ್ಣು ಬಿಟ್ಟುಕೊಂಡು ಕೇಳಿ, ಹದಿಮೂರಕ್ಕೆ ನಾನು ತಡವರಿಸುವಾಗ ಅಳುತ್ತಿದ್ದ. ಮುಂದೆ ಅವನು ಬ್ಯಾಂಕು ಸೇರಿದಾಗ ಅದಕ್ಕೆ ನಾನೇ ಕಾರಣ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಹದಿಮೂರರ ಮಗ್ಗಿ ಅವನಿಗೆ ಇವತ್ತಿಗೂ ಬರುವುದಿಲ್ಲ.

ನಮ್ಮೂರ ಬಸ್ಸಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಆ ಬಸ್ಸಿಗೆ ವೇಳೆ ಇರಲಿಲ್ಲ ಎಂದಲ್ಲ. ಇತ್ತು. ಆದರೆ ಬಸ್ಸು ನಿಂತಿದೆ ಎಂದರೆ ಇನ್ನೂ ಹತ್ತಬಹುದು ಎಂದೇ ಅರ್ಥ. ಯಾರೋ ಓಣಿಯ ತುದಿಯಿಂದ ಕೈ ಬೀಸಿದರೆ ಸಾಕು. "ತಡೀರಿ, ಆಕಿ ತಲಿ ಬಾಚಿಕೊಳ್ಳಾಕತ್ತ್ಯಾಳ, ಬರ್ತಾಳ" ಎಂದು ಕಂಡಕ್ಟರು ಬಸ್ಸಿನ ಪಕ್ಕೆಗೆ ಬಡಿದು ಡ್ರೈವರಿಗೆ ಹೇಳುತ್ತಿದ್ದ. ಆಕೆ ತಲೆ ಬಾಚಿ, ಹೂವು ಮುಡಿದು, ಬಾಗಿಲು ಹಾಕಿ, ಮತ್ತೆ ಬಾಗಿಲು ತೆಗೆದು, ಮರೆತ ಚೀಲ ತೆಗೆದುಕೊಂಡು ಬರುವವರೆಗೂ ಬಸ್ಸು ಗುರುಗುಟ್ಟುತ್ತ ನಿಂತಿರುತ್ತಿತ್ತು. ಇದನ್ನು ಯಾರೂ ಉಪಕಾರ ಎಂದುಕೊಳ್ಳುತ್ತಿರಲಿಲ್ಲ. ವಾಹನ ಇರುವುದೇ ಅದಕ್ಕೆ ಎಂದು ನಾನೂ ತಿಳಿದು ಬೆಳೆದೆ.

ನೌಕರಿ ಸಿಕ್ಕಿ ರಾಯಚೂರಿಗೆ ಬಂದೆ. ಮದುವೆಯೂ ಆಯಿತು. ನನ್ನ ಗಂಡ ನೀರಾವರಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು, ನಗುಮುಖದ ಮನುಷ್ಯ. ನಮಗೆ ಮಕ್ಕಳಾಗಲಿಲ್ಲ. ಅದಕ್ಕೆ ಅವರು ಒಂದು ದಿನವೂ ನನ್ನನ್ನು ನೋಯಿಸಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಜ್ವರ ಬಂತು, ಅವರು ಹೋಗಿಬಿಟ್ಟರು. ಅದಾದ ಮೇಲೆ ನನಗೆ ಬೇರೆ ಬಗೆಯ ದೂರಗಳು ಗೊತ್ತಾದವು.

ನಮ್ಮ ಮನೆಯಲ್ಲಿ ಬುದ್ಧನ ಪಟವಿದೆ. ವಿಧವೆ, ಮುತ್ತೈದೆ ಎಂಬ ಭೇದವನ್ನೆಲ್ಲ ನಾವು ಬಿಟ್ಟವರು ಎಂದು ಸಭೆಗಳಲ್ಲಿ ಹೇಳುತ್ತೇವೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ತೊಟ್ಟಿಲ ಹತ್ತಿರ ಬಂದಾಗ ನಮ್ಮವರ ಕಾಲೂ ಸ್ವಲ್ಪ ಹಿಂದೆ ಸರಿಯುತ್ತದೆ. ಗಂಡ ಹೋದ ಮಾರನೆಯ ವರ್ಷ ಮಾನ್ವಿಯಲ್ಲಿ ನಮ್ಮ ನೆಂಟರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇತ್ತು. ನಾನು ಹೊಸ ಸೀರೆ ಉಟ್ಟು ಹೋದೆ. ಹೆಂಗಸರೆಲ್ಲ ತೊಟ್ಟಿಲ ಸುತ್ತ ಸೇರುವ ಹೊತ್ತಿಗೆ ಆ ಮನೆಯ ಹಿರಿಯಳು ನನ್ನ ಕೈ ಹಿಡಿದು ಮೆತ್ತಗೆ ಹೇಳಿದಳು.

"ಅಕ್ಕೋರ, ನೀವು ಓದಿದವ್ರು, ಶಾಣ್ಯಾರು. ಒಳಗ ಅಡಿಗಿ ಸಾಮಾನ ಒಂಚೂರು ನೋಡಿಕೊಳ್ರಿ. ಯಾರ ಮ್ಯಾಲೂ ಭರೋಸಾ ಇಲ್ಲ ನೋಡ್ರಿ."

ಎಷ್ಟು ಮರ್ಯಾದೆಯಿಂದ ಹೇಳಿದಳು ಎಂದರೆ, ನಾನು ಸಾಮಾನಿನ ಕೋಣೆಗೆ ಹೋಗಿ ಬೆಲ್ಲದ ಪೆಂಟೆಯ ಪಕ್ಕ ಕೂತ ಮೇಲೆಯೇ ನನಗೆ ಅರ್ಥವಾದದ್ದು. ಹೊರಗೆ ಹೆಂಗಸರು ಹಾಡುತ್ತಿದ್ದರು. ನಾನು ಬೆಲ್ಲಕ್ಕೆ ಮುತ್ತುವ ನೊಣ ಓಡಿಸುತ್ತಿದ್ದೆ. ನನಗೆ ಬಹಳ ನೋವಾಯಿತು. ಮುಂದೆ ಅಂಥ ಕರೆ ಬಂದಾಗಲೆಲ್ಲ ಪರೀಕ್ಷೆಯ ಪೇಪರು ತಿದ್ದುವುದಿದೆ ಎಂದು ಹೇಳಲು ಕಲಿತೆ. ನಮ್ಮ ಶಾಲೆಯಲ್ಲಿ ವರ್ಷವಿಡೀ ಪರೀಕ್ಷೆಯೇ ನಡೆಯುತ್ತದೆ ಎಂದು ನೆಂಟರು ನಂಬಿದ್ದಾರೆ.

ಭೀಮುವಿಗೆ ಪುಣೆಗೆ ವರ್ಗವಾಗಿತ್ತು. ಅವನ ಹೆಂಡತಿ ಸುಜಾತಾ ಮಾನ್ವಿಯ ಹುಡುಗಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು, ಆದರೆ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಅವಳ ತಾಯಿ ತಿಪ್ಪಮ್ಮನೇ ಬಾಣಂತನಕ್ಕೆ ಪುಣೆಗೆ ಹೋದಳು. ಹೆಣ್ಣು ಕೂಸು ಹುಟ್ಟಿತು. ಒಂದು ಸಂಜೆ ಭೀಮುವಿನ ಫೋನು ಬಂತು.

"ಅಕ್ಕಾ, ತೊಟ್ಟಲದಾಗ ಹಾಕೋದು ಐತ್ವಾರ ಇಟ್ಟೀವಿ. ನೀ ಬರಬೇಕು."

"ಪೇಪರ್ ತಿದ್ದೋದು ಅದಲ್ಲೋ."

"ನಿನ್ನ ಪೇಪರ್ ನನಗ ಗೊತ್ತದ," ಎಂದ. "ಕೂಸಿನ ಸೋದರತ್ತಿ ನೀ ಒಬ್ಬಾಕಿನ. ಹೆಸರು ನೀನ ಇಡಬೇಕು."

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಮೊದಲ ಸಲ ಹೆಸರು ಹೇಳುವ ಹಕ್ಕು ಅಪ್ಪನ ಅಕ್ಕತಂಗಿಯರದು. ಆದರೆ ಆ ಅಕ್ಕತಂಗಿಯರ ಹಣೆಯಲ್ಲಿ ಕುಂಕುಮ ಇರಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ಕೇಳಿದೆ.

"ತಿಪ್ಪಮ್ಮ ಏನಂದ್ಲು?"

"ಹೂಂ ಅಂದಾಳ."

ಆ ಹೂಂ ನನ್ನ ನಿದ್ದೆ ಕೆಡಿಸಿತು. ಹೂಂ ಎಂದರೆ ಆಗಲಿ ಎಂದೋ, ಆಯಿತು ನೋಡೋಣ ಎಂದೋ, ಅಳಿಯನಿಗೆ ಎದುರಾಡುವುದು ಹೇಗೆ ಎಂದೋ? ಮಗಳ ಚೊಚ್ಚಲ ಕೂಸು. ಯಾವ ತಾಯಿಯಾದರೂ ಒಂದು ಸಲ ಹಿಂದೆ ಮುಂದೆ ನೋಡುತ್ತಾಳೆ. ತಿಪ್ಪಮ್ಮ ಮಾತು ಕಡಿಮೆಯ ಹೆಂಗಸು. ಮದುವೆಯಲ್ಲಿ ನೋಡಿದ್ದೆ, ನಾಟಿ ಮಾಡಿ ಮಾಡಿ ಒರಟಾದ ದೊಡ್ಡ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಆದರೂ ಹೋಗಬೇಕು ಎಂಬ ಆಸೆ ಆ ದಿನವೇ ನನ್ನೊಳಗೆ ಎದ್ದು ಕೂತಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ದೊಡ್ಡ ಆಸೆ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ರಾಯಚೂರು ಸ್ಟೇಷನ್ನಿನಲ್ಲಿ ರೈಲು ಹತ್ತಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಪುಣೆ. ಇದು ರಾಯಚೂರಿನ ಪ್ರತಿಯೊಬ್ಬರಿಗೂ ಗೊತ್ತು. ಆದರೆ ಭೀಮು ವಿಮಾನದ ಟಿಕೆಟ್ ತೆಗೆಸಿದ್ದ. "ನನ್ನ ಕೂಸಿಗೆ ಹೆಸರಿಡಾಕ ನಮ್ಮಕ್ಕ ಹಾರಿಕೊಂಡು ಬರಬೇಕು" ಎಂದು ಅವನ ಹಟ. ವಿಮಾನ ಹೈದರಾಬಾದಿನಿಂದ. ಅಂದರೆ ಪಶ್ಚಿಮದ ಊರಿಗೆ ಹೋಗಲು ಮೊದಲು ಪೂರ್ವಕ್ಕೆ ನಾಲ್ಕು ತಾಸು ಕಾರಿನಲ್ಲಿ ಹೋಗಬೇಕು, ಆಮೇಲೆ ತಿರುಗಿ ಹಾರಬೇಕು. ಇದನ್ನು ಲೆಕ್ಕವಾಗಿ ಹಲಗೆಯ ಮೇಲೆ ಬರೆದರೆ ನನ್ನ ಮಕ್ಕಳೇ ನಗುತ್ತಾರೆ. ನನಗೆ ಮಾತ್ರ ನಗು ಬರಲಿಲ್ಲ, ಖುಷಿಯಾಯಿತು. ಅವತ್ತೇ ನಾನು ಮೊದಲ ಸಲ ಫೋನಿನಲ್ಲಿ ಎರಡು ನಿಲ್ದಾಣಗಳ ಹೆಸರು ಬರೆದು ನೋಡಿದ್ದು. ಸುಮಾರು ಐದು ನೂರು ಕಿಲೋಮೀಟರು. ಒಂದು ತಾಸು ಹತ್ತು ನಿಮಿಷ.

ಗಬ್ಬೂರಿನಿಂದ ರಾಯಚೂರಿಗೆ ಬಸ್ಸಿನಲ್ಲಿ ಹೋಗುವಷ್ಟೇ ಹೊತ್ತು! ನಾನು ಆ ಅಂಕಿಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ. ನಸುಕಿನ ಐದಕ್ಕೆ ರಾಯಚೂರು ಬಿಡುವುದು, ಹತ್ತರ ಸುಮಾರಿಗೆ ವಿಮಾನ, ಹನ್ನೊಂದೂವರೆಗೆ ಪುಣೆ, ಹನ್ನೆರಡಕ್ಕೆ ತೊಟ್ಟಿಲ ಮುಂದೆ. ಹೆಸರಿಟ್ಟ ಮೇಲೆ ಮಂದಿಗೆ ಊಟ. ಭೀಮುವಿಗೆ ಹಾಗೆಯೇ ಹೇಳಿದೆ. ಅವನು ಎಲ್ಲರಿಗೂ ಹಾಗೆಯೇ ಹೇಳಿದ.

ಭಾನುವಾರ ಬೆಳಿಗ್ಗೆ ಓಣಿಯ ಮೆಹಬೂಬ್ ಕಾರು ತಂದ. ನನ್ನ ಚೀಲದಲ್ಲಿ ಕೂಸಿಗೆಂದು ನಾನೇ ಹೊಲಿದ ಖಣದ ಕುಂಚಿಗೆ ಟೋಪಿ ಇತ್ತು, ರೊಟ್ಟಿ ಇತ್ತು, ಶೇಂಗಾ ಹಿಂಡಿ ಎಂಬ ನಮ್ಮ ಚಟ್ನಿಪುಡಿ ಇತ್ತು. ಮೆಹಬೂಬನೂ ಅವತ್ತಿನವರೆಗೆ ವಿಮಾನಕ್ಕೆ ಯಾರನ್ನೂ ಬಿಟ್ಟವನಲ್ಲ. ಇಬ್ಬರೂ ಒಂದೇ ಬಸ್ಸಿನ ಶಾಲೆಯಲ್ಲಿ ಕಲಿತವರು. ಕೃಷ್ಣಾ ಸೇತುವೆಯ ಮೇಲೆ ಕಾರು ನಿಲ್ಲಿಸಿ ನೀರು ನೋಡಿದೆವು. ಮಕ್ತಲ್‌ನಲ್ಲಿ ಇಡ್ಲಿ ತಿಂದೆವು. ಜಡಚರ್ಲಾದಲ್ಲಿ ಚಹಾ ಕುಡಿದೆವು.

"ತಡ ಆಗೂದಿಲ್ಲಲ್ಲೋ ಮೆಹಬೂಬಾ?"

"ಆರಾಮ ಕುಡೀರಿ ಅಕ್ಕೋರ. ಬಿಡೋ ಟೈಮಿಗಿಂತ ಮೊದ್ಲ ಮುಟ್ಟಸ್ತೀನಿ, ನನ್ನ ಜಿಮ್ಮೇದಾರಿ."

ಮಾತಿಗೆ ತಪ್ಪಲಿಲ್ಲ. ವಿಮಾನ ಹೊರಡಲು ಇನ್ನೂ ಅರ್ಧ ತಾಸಿಗೂ ಮೇಲೆ ಇರುವಾಗಲೇ ಮುಟ್ಟಿಸಿದ. ನಾನು ಬೀಗುತ್ತ ಒಳಗೆ ಹೋದೆ. ನಮ್ಮೂರಲ್ಲಿ ಬಸ್ಸಿಗೆ ಅರ್ಧ ತಾಸು ಮುಂಚೆ ಬರುವವರನ್ನು ಕೆಲಸವಿಲ್ಲದವರು ಎಂದು ನಗುತ್ತಾರೆ. ಕೌಂಟರಿನ ಹುಡುಗಿ ನನ್ನ ಟಿಕೆಟ್ ನೋಡಿದಳು, ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. "ಕ್ಲೋಸ್ ಹೋಗಯಾ ಅಮ್ಮಾ" ಎಂದಳು.

"ವಿಮಾನ ಹೋಯಿತೇ?" ಎಂದು ನಮ್ಮ ರಾಯಚೂರಿನ ಹಿಂದಿಯಲ್ಲಿ ಕೇಳಿದೆ. ಇಲ್ಲ, ಇದೆ. ನಿಂತಿದೆಯೇ? ನಿಂತಿದೆ. ಜನ ಹತ್ತುತ್ತಿದ್ದಾರೆಯೇ? ಹತ್ತುತ್ತಿದ್ದಾರೆ. "ಮತ್ತ ಏನವ್ವಾ!" ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಆಮೇಲೆ ಮತ್ತೆ ಹಿಂದಿಗೆ ಬಂದು, "ಡ್ರೈವರ್ ಕೋ ಬೋಲೋ ಬೇಟಿ, ಜರಾ ರುಕೋ, ಏಕ್ ಔರತ್ ಆರೈ" ಎಂದು, ಒಬ್ಬ ಹೆಂಗಸು ಬರುತ್ತಿದ್ದಾಳೆ, ತಡೆಯಲು ಹೇಳು ಎಂದೆ. ಹಿಂದಿದ್ದ ಸಾಲಿನಲ್ಲಿ ಯಾರೋ ನಕ್ಕರು. ಆ ಹುಡುಗಿ ನಗಲಿಲ್ಲ. ಅವಳಿಗೆ ಅಂಥ ಒಬ್ಬ ಸೋದರತ್ತೆಯೋ ದೊಡ್ಡಮ್ಮನೋ ಇದ್ದಿರಬೇಕು. ಕೌಂಟರಿನ ಹೊರಗೆ ಬಂದು ನನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಚೆಕ್-ಇನ್ ಮುಚ್ಚಿದ ಮೇಲೆ ತನ್ನ ಕೈಯಲ್ಲಿ ಏನೂ ಇಲ್ಲವೆಂದು ಎರಡು ಸಲ ಹೇಳಿ, ಎಲ್ಲೆಲ್ಲಿಗೋ ಫೋನು ಮಾಡಿ, ಮಧ್ಯಾಹ್ನದ ವಿಮಾನದಲ್ಲಿ ಒಂದು ಸೀಟು ಹುಡುಕಿ ಕೊಟ್ಟಳು. ಅವಳ ಹೆಸರು ಕೇಳಲು ನನಗೆ ಹೊಳೆಯಲಿಲ್ಲ. ಕೇಳಬೇಕಿತ್ತು.

ಮಧ್ಯಾಹ್ನದ ವಿಮಾನ ಎಂದರೆ ನಾನು ಪುಣೆಯ ಮನೆ ಸೇರುವಾಗ ಹೊತ್ತು ಇಳಿದಿರುತ್ತದೆ. ಭೀಮುವಿಗೆ ಫೋನು ಮಾಡಿದೆ. ಹಿಂದೆ ಮಂದಿಯ ಗದ್ದಲ ಕೇಳುತ್ತಿತ್ತು, ಯಾರೋ ಪಾತ್ರೆ ಎಳೆಯುತ್ತಿದ್ದರು.

"ತಪ್ಪಿಸಿಕೊಂಡೆ ಭೀಮು. ಸಂಜಿ ಆಗ್ತದ. ನೀವು ಮುಗಿಸಿಬಿಡ್ರಿ. ಮಂದಿ ಹಸಿದು ಕುಂದ್ರೋದು ಬ್ಯಾಡ."

"ಯಾರ ಕಡೆ ಹೆಸರು ಇಡಸ್ಲಿ?"

"ಶರಣಮ್ಮ ಅದಾಳಲ್ಲ."

ಶರಣಮ್ಮ ನಮ್ಮ ಕಾಕಾನ ಮಗಳು, ಪುಣೆಯಲ್ಲೇ ಇರುತ್ತಾಳೆ. ಗಂಡ, ಎರಡು ಮಕ್ಕಳು, ಹಣೆಯ ತುಂಬ ಕುಂಕುಮ. ಯಾರೂ ಏನೂ ಅನ್ನಲಾರದಂಥ ಸೋದರತ್ತೆ. ಭೀಮು ಫೋನು ಇಟ್ಟ.

ಆ ಕುರ್ಚಿಯಲ್ಲಿ ಕೂತು ನಾನು ಅತ್ತೆ. ವಿಮಾನ ನಿಲ್ದಾಣದಲ್ಲಿ ಅಳುವುದಕ್ಕೆ ಒಂದು ಅನುಕೂಲವಿದೆ, ಯಾರನ್ನೋ ಬೀಳ್ಕೊಟ್ಟು ಅಳುತ್ತಿದ್ದಾಳೆ ಎಂದು ಜನ ತಿಳಿಯುತ್ತಾರೆ. ಅಳುತ್ತ ಅಳುತ್ತ ಒಂದು ವಿಚಿತ್ರ ಸಮಾಧಾನವೂ ಆಗತೊಡಗಿತು. ಒಳ್ಳೆಯದೇ ಆಯಿತು ಎಂದುಕೊಂಡೆ. ಈಗ ತಿಪ್ಪಮ್ಮ ಬಾಯಿಬಿಟ್ಟು ಬೇಡ ಎನ್ನಬೇಕಾಗಿಲ್ಲ. ಶರಣಮ್ಮ ಸಂಕೋಚಪಡಬೇಕಾಗಿಲ್ಲ. ನಾನೂ ಯಾರ ಮುಖವನ್ನೂ ಓದಬೇಕಾಗಿಲ್ಲ. ಅಕ್ಕ ಬರುವವಳಿದ್ದಳು, ವಿಮಾನ ತಪ್ಪಿತು, ಅಷ್ಟೇ. ಎಲ್ಲರ ಮರ್ಯಾದೆಯೂ ಉಳಿಯಿತು. ಹೀಗೆ ಲೆಕ್ಕ ಮಾಡಿ ಎಲ್ಲವನ್ನೂ ಸರಿಹೊಂದಿಸಿದ ಮೇಲೂ ಅಳು ನಿಲ್ಲಲಿಲ್ಲ. ಬುತ್ತಿ ಬಿಚ್ಚಿದೆ, ತಿನ್ನಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಒಬ್ಬ ಮರಾಠಿ ಅಜ್ಜ ಅದನ್ನೇ ನೋಡುತ್ತಿದ್ದ. ಹಿಂಡಿ ಹಚ್ಚಿ ಕೊಟ್ಟೆ. ಅವನು ಕಣ್ಣು ಮುಚ್ಚಿಕೊಂಡು ತಿಂದ.

ಇನ್ನು ವಿಮಾನದ ಮಾತು. ಅದರ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಬೆಳಗಿನಿಂದ ಕಾದದ್ದು, ಕೈಗಡಿಯಾರ ಬಿಚ್ಚಿದ್ದು, ಚಪ್ಪಲಿ ಬಿಚ್ಚಿದ್ದು, ಹಿಂಡಿಯ ಡಬ್ಬಿಯನ್ನು ತಪಾಸಣೆಯ ಹೆಣ್ಣುಮಗಳು ಮೂಸಿ ನೋಡಿ ಸೀನಿದ್ದು, ಇವೆಲ್ಲದರ ಮುಂದೆ ಹಾರಾಟ ಏನೂ ಅಲ್ಲ. ಮೇಲೆ ಹೋಯಿತು, ಮೋಡ ಕಂಡವು, ಕೆಳಗೆ ಎಲ್ಲೋ ಒಂದು ಹೊಳೆ ಹೊಳೆಯಿತು. ಅದು ಭೀಮೆಯೇ ಇರಬೇಕು ಎಂದು ನಾನೇ ತೀರ್ಮಾನಿಸಿ ತಮ್ಮನನ್ನು ನೆನೆದೆ. ನೀರು ಕುಡಿದು ಲೋಟ ಇಡುವುದರೊಳಗೆ ಇಳಿಯುತ್ತಿದ್ದೇವೆ ಎಂದರು. ಫೋನು ಸುಳ್ಳು ಹೇಳಿರಲಿಲ್ಲ. ಒಂದು ತಾಸು ಹತ್ತು ನಿಮಿಷ ಎಂದರೆ ಒಂದು ತಾಸು ಹತ್ತು ನಿಮಿಷವೇ. ಅದು ಹೇಳಿದ್ದು ಎರಡು ನಿಲ್ದಾಣಗಳ ನಡುವಿನ ಮಾತು. ನಾನು ಅದನ್ನು ನನ್ನ ಬಾಗಿಲಿಂದ ತೊಟ್ಟಿಲಿನ ತನಕ ಎಳೆದುಕೊಂಡಿದ್ದೆ.

ಭೀಮು ಹೊರಗೆ ನಿಂತಿದ್ದ. ಹೊಸ ಅಂಗಿ, ಬಾಡಿದ ಮುಖ. ಚೀಲ ತೆಗೆದುಕೊಂಡ, ನನ್ನ ಕೈ ಒತ್ತಿದ. ಕಾರ್ಯ ಆಯಿತೇ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ದಾರಿಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು.

"ಎಲ್ಲಾರೂ ಉಂಡ್ರಾ?" ಎಂದು ಮಾತ್ರ ಕೇಳಿದೆ.

"ಮನಿಗೆ ನಡಿ ಅಕ್ಕಾ" ಎಂದ.

ಅವರ ಮನೆ ಮೂರನೆಯ ಮಾಳಿಗೆಯಲ್ಲಿ. ಮೆಟ್ಟಿಲು ಹತ್ತುತ್ತ ಬಾಗಿಲ ಮುಂದೆ ನೋಡಿದೆ, ಕಾಲಿಡಲು ಜಾಗವಿಲ್ಲದಷ್ಟು ಚಪ್ಪಲಿಗಳು. ಒಳಗೆ ಹೆಂಗಸರು ಗೋಡೆಗೆ ಆತು ಕೂತಿದ್ದರು. ನಮ್ಮ ಕಡೆಯವರು ಇದ್ದರು, ಅಕ್ಕಪಕ್ಕದ ಮರಾಠಿ ಹೆಂಗಸರೂ ಇದ್ದರು. ಮಕ್ಕಳ ಕೈಯಲ್ಲಿ ಬಾಳೆಹಣ್ಣು, ಚುರುಮುರಿ. ಅಡುಗೆಮನೆಯಲ್ಲಿ ಹೋಳಿಗೆಯ ಬುಟ್ಟಿಗೆ ಮುಚ್ಚಿದ ಬಟ್ಟೆ ಹಾಗೆಯೇ ಇತ್ತು. ಶರಣಮ್ಮ ಎದ್ದು ಬಂದು "ಅಕ್ಕಾ, ನಿನ್ನ ದೆಸಿಂದ ನನ್ನ ಹೊಟ್ಟಿ ಬೆನ್ನಿಗೆ ಹತ್ಯಾದ ನೋಡು" ಎಂದು ನಕ್ಕಳು. ನಡುಮನೆಯಲ್ಲಿ ಹೂವು ಸುತ್ತಿದ ತೊಟ್ಟಿಲು. ಅದರ ಪಕ್ಕದಲ್ಲಿ ನೆಲದ ಮೇಲೆ ತಿಪ್ಪಮ್ಮ ಕೂತಿದ್ದಳು, ತೊಟ್ಟಿಲ ಹಗ್ಗ ಅವಳ ಮುಷ್ಟಿಯಲ್ಲಿತ್ತು.

ಸುಜಾತಾ ನನ್ನ ಕಿವಿಯ ಹತ್ತಿರ ಬಂದಳು. "ಹನ್ನೆರಡರಿಂದ ಹಿಂಗ ಕುಂತಾಳ್ರಿ ನಮ್ಮವ್ವ. ಮಂದಿ ಎಷ್ಟು ಹೇಳಿದ್ರೂ ಹಗ್ಗ ಬಿಡವಲ್ಲಳು. ಅಕ್ಕೋರು ಬರ್ಲಿ ಅಂತಾಳ, ಅಷ್ಟ."

ನಾನು ಬಾಗಿಲಲ್ಲೇ ನಿಂತು, "ಯಾಕವ್ವಾ ತಿಪ್ಪಮ್ಮ, ಶರಣಮ್ಮ ಇದ್ಲಲ್ಲ" ಎಂದೆ.

ತಿಪ್ಪಮ್ಮ ತಲೆ ಎತ್ತಿದಳು. ಅವಳ ಹಣೆಯೂ ನನ್ನ ಹಣೆಯ ಹಾಗೆ ಬರಿದು ಎಂಬುದನ್ನು ನಾನು ಇಷ್ಟು ದಿನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ನನ್ನ ಮಗನ ಕೂಸಿನ ತೊಟ್ಟಲಾನ ನಾ ಮುಟ್ಟಿಲ್ರಿ ಅಕ್ಕೋರ," ಎಂದಳು. "ದೂರ ನಿಂತು ನೋಡೀನಿ. ಎಣ್ಣಿ ಹಚ್ಚಾಕ ನಾ ಬೇಕು, ಎರಿಯಾಕ ನಾ ಬೇಕು, ಅರಿವಿ ಒಗಿಯಾಕ ನಾ ಬೇಕು. ತೊಟ್ಟಲ ಮುಟ್ಟಾಕ ಬ್ಯಾಡ ಅಂದ್ರ ಹ್ಯಾಂಗ್ರಿ? ಅಳಿಯಾರು ನಿಮ್ಮ ಹೆಸರು ಹೇಳಿದಾಗ ನನಗ ಎದಿ ತುಂಬಿತು. ಹೂಂ ಅನ್ನೂದಕ್ಕಿಂತ ಹೆಚ್ಚಿಗಿ ಮಾತಾಡಿದ್ರ ಅತ್ತುಬಿಡ್ತೀನಿ ಅನ್ನಂಗ ಆಗಿತ್ತು. ಬರ್ರಿ, ಕೂಸು ಎರಡು ಸಲ ಎದ್ದು ಮಲಗ್ಯಾದ. ಮಂದಿನೂ ಹಸಿದಾರ."

ಒಬ್ಬ ಮರಾಠಿ ಹೆಂಗಸಿಗೆ ಈ ಮಾತು ಒಂದಕ್ಷರವೂ ತಿಳಿದಿರಲಾರದು. ಅವಳೂ ಕಣ್ಣು ಒರೆಸಿಕೊಂಡಳು.

ನಾನು ಕೈಕಾಲು ತೊಳೆದು ತೊಟ್ಟಿಲ ಹತ್ತಿರ ಕೂತೆ. ಕುಂಚಿಗೆ ತೊಡಿಸಿದೆ, ಸ್ವಲ್ಪ ದೊಡ್ಡದಾಯಿತು. ಕೂಸು ಭೀಮುವಿನ ಹಾಗೆಯೇ ಕಣ್ಣು ಬಿಟ್ಟುಕೊಂಡು ನನ್ನನ್ನು ನೋಡಿತು. ತಿಪ್ಪಮ್ಮ ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು, ಇನ್ನೊಂದನ್ನು ತಾನೇ ಇಟ್ಟುಕೊಂಡಳು. ಹೆಂಗಸರೆಲ್ಲ ಎದ್ದು ಸುತ್ತ ಸೇರಿದರು, ಅಷ್ಟು ಹೊತ್ತಿನ ಹಸಿವಿನಲ್ಲೂ ಯಾರೋ ಹಾಡು ಎತ್ತಿದರು. ನಾನು ಬಗ್ಗಿ, ಆ ಬಟ್ಟಲು ಹೂವಿನಷ್ಟು ಕಿವಿಯ ಹತ್ತಿರ ಬಾಯಿ ಇಟ್ಟು, ಕುರ್ ಎಂದು ಊದಿ ಹೆಸರು ಹೇಳಿದೆ. ಮೈತ್ರಿ. ಮತ್ತೊಮ್ಮೆ ಹೇಳಿದೆ. ಮೂರನೆಯ ಸಲ ಬರೀ ಉಸಿರು ಹೋಯಿತು. ಕೂಸಿಗೆ ಕೇಳಿಸಿರಬೇಕು.

ನಮ್ಮ ಕಡೆ ಒಂದು ಪದ್ಧತಿ ಇದೆ. ಸೋದರತ್ತೆ ಬಗ್ಗಿ ಹೆಸರು ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ, ಆದರೆ ಯಾರೂ ಬಿಡುವುದಿಲ್ಲ. ನನಗೂ ಬಿದ್ದವು. ಶರಣಮ್ಮ ತನ್ನ ಹಸಿವನ್ನೆಲ್ಲ ಸೇರಿಸಿ ಗುದ್ದಿದಳು. ಮರಾಠಿ ಹೆಂಗಸರು ಕೇಳಿ ತಿಳಿದುಕೊಂಡು ಖುಷಿಯಿಂದ ಗುದ್ದಿದರು. ಇಷ್ಟು ವರ್ಷ ಯಾವ ತೊಟ್ಟಿಲ ಹತ್ತಿರವೂ ಬಾಗದಿದ್ದ ಬೆನ್ನು ಅದು. ಒಂದೊಂದು ಗುದ್ದು ಬಿದ್ದಾಗಲೂ ನನಗೆ ನಗು ಬಂತು, ನಗುವಿನ ಜೊತೆಗೇ ಅಳುವೂ ಬಂತು, ನಾನು ಏಳಲಿಲ್ಲ. ಇನ್ನಷ್ಟು ಬೀಳಲಿ ಎಂದು ಹಾಗೆಯೇ ಬಗ್ಗಿದ್ದೆ.

ಕೊನೆಗೆ ಒಂದು ದೊಡ್ಡ, ಒರಟು ಕೈ ಬಂತು. ಅದು ಗುದ್ದಲಿಲ್ಲ. ಬೆನ್ನ ಮೇಲೆ ಸುಮ್ಮನೆ ಕೂತಿತು. ನಾನು ಎದ್ದು ಕೂರುವವರೆಗೂ ಅದು ಅಲ್ಲೇ ಇತ್ತು.